ಆ ಮಾತು ಮೊದಲು ಅಂದವರು ಯಾರು?

ಇಳಕಲ್ಲಿನ ಒಂದು ಪದವಿ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಎಷ್ಟು ಮಂದಿ ಕಲಿತರು ಎಂಬುದು ಬೇರೆ ಮಾತು. ನಿವೃತ್ತನಾದ ಮೇಲೆ, ಹೊಸದಾಗಿ ಅತಿಥಿ ಉಪನ್ಯಾಸಕರಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು ಕೂರುತ್ತಾರೆ. ಚಹಾ ಕುಡಿಯುತ್ತ, "ಸರ್ರ, ಹಿಂದಿನ ಬೆಂಚಿನವರನ್ನ ಹೆಂಗ ಹಿಡಿದು ಕೂಡಿಸೂದ್ರಿ?" ಎಂದು ಕೇಳುತ್ತಾರೆ. ಪಾಠದ ಯೋಜನೆ ಬರೆಯುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಅದಕ್ಕೆ ನಾನು ಯೋಜನೆಯ ಸುದ್ದಿಗೆ ಹೋಗದೆ ಒಂದು ಹಳೆಯ ಹಾಲಿವುಡ್ ಸಿನೆಮಾದ ಕತೆ ಹೇಳುತ್ತೇನೆ. ಅದರ ಜೊತೆಗೆ ಗುಡೂರಿನ ಒಬ್ಬ ತಾಯಿಯ ಕತೆಯೂ ಬರುತ್ತದೆ. ಅವೆರಡನ್ನು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ನಮ್ಮದು ನದಾಫರ ಮನೆತನ. ಅಪ್ಪ ಮನೆಮನೆಗೆ ಹೋಗಿ ಅರಳೆ ಹಿಂಜಿ ಗಾದಿ ಹೊಲಿದುಕೊಡುತ್ತಿದ್ದ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಹೊಟ್ಟೆಪಾಡಿಗೆ ಇಂಗ್ಲಿಷ್. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಪ್ರಾಚಾರ್ಯರಾಗಿದ್ದವರು ಹಿರೇಮಠ ಸರ್. ಕಟ್ಟುನಿಟ್ಟಿನ ಮನುಷ್ಯ. ಮೊದಲ ದಿನವೇ ಕರೆದು, "ನದಾಫ್, ತರಗತಿಯೊಳಗ ಒಂದು ಕನ್ನಡ ಶಬ್ದ ಬಂತಂದ್ರ ನೋಡ್ರಿ ಮತ್ತ" ಎಂದು ತಾಕೀತು ಮಾಡಿದರು. ನಾನು ಹಾಗೇ ನಡೆದುಕೊಂಡೆ. ಹುಡುಗರು ಬಹಳ ಗಮನ ಕೊಟ್ಟು ಕೇಳುತ್ತಿದ್ದರು. ತಿಳಿಯಿತೇ ಎಂದರೆ ಯೆಸ್ ಸರ್. ಕಷ್ಟವಾಯಿತೇ ಎಂದರೂ ಯೆಸ್ ಸರ್. ನಾನು ಹಾಸ್ಯ ಮಾಡಿದಾಗ ತಪ್ಪದೆ ನಗುತ್ತಿದ್ದರು. ಭಾರೀ ಮೇಷ್ಟ್ರು ಆಗಿಬಿಟ್ಟೆ ಎಂದುಕೊಂಡಿದ್ದೆ. ಪರೀಕ್ಷೆಯ ಉತ್ತರಪತ್ರಿಕೆಗಳು ಬಂದಾಗ ಕಣ್ಣಿಗೆ ಕತ್ತಲೆ ಬಂತು. ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು ಓದುತ್ತಿದ್ದ ಒಬ್ಬ ಹುಡುಗನನ್ನು ಕರೆದು, "ಅಲ್ಲಪ್ಪಾ, ನನ್ನ ಹಾಸ್ಯಕ್ಕೆಲ್ಲ ನಗುತ್ತಿದ್ದೆಯಲ್ಲ?" ಎಂದೆ. ಅವನು ಸಂಕೋಚದಿಂದ, "ನೀವು ಮಾತ ನಿಲ್ಲಿಸಿ ನಮ್ಮ ಕಡೆ ನೋಡಿದ್ರ ನಗಬೇಕು ಅಂತ ಗೊತ್ತಾಗ್ತಿತ್ರಿ" ಎಂದ.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಭಾಷೆ ತಿಳಿಯದೆಯೂ ಈ ಹುಡುಗರು ನನ್ನ ಮುಖ, ಕಣ್ಣು, ನಿಲುವು ನೋಡಿ ಎಷ್ಟೋ ಓದಿಕೊಂಡಿದ್ದರು. ಅದನ್ನೇ ಉಪಯೋಗಿಸಿಕೊಳ್ಳುವುದು ಹೇಗೆ ಎಂಬ ಕುತೂಹಲ ಅಲ್ಲಿಂದ ಶುರುವಾಯಿತು.

ಮುಂದೆ ಒಮ್ಮೆ ತರಬೇತಿಗೆಂದು ಧಾರವಾಡಕ್ಕೆ ಹೋಗಿದ್ದೆ. ಅಲ್ಲಿ ಹಳೆಯ ವಿಡಿಯೊ ಕ್ಯಾಸೆಟ್ಟುಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಬೇಕಾದವರು ಒಯ್ಯಿರಿ ಎಂದು ಇಟ್ಟಿದ್ದರು. ಒಂದನ್ನು ತಂದೆ. ಮೇಲಿನ ಹೆಸರಿನ ಚೀಟಿ ಕಿತ್ತುಹೋಗಿತ್ತು. ಕಾಲೇಜಿನ ಯಂತ್ರಕ್ಕೆ ಹಾಕಿದ ಕೂಡಲೇ ಅದು ಮೊದಲ ಭಾಗದ ರೀಲನ್ನು ಜಗಿದು ಹಾಕಿತು. ಕತ್ತರಿಸಿ, ಅಂಟಿಸಿ, ಉಳಿದದ್ದನ್ನು ಉಳಿಸಿಕೊಂಡೆ. ಹೀಗಾಗಿ ಆ ಸಿನೆಮಾದ ಹೆಸರೇನು, ತೆಗೆದವರು ಯಾರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಕಪ್ಪು ಬಿಳುಪಿನ ಚಿತ್ರ. ಅಮೆರಿಕದ ಒಂದು ಸಣ್ಣ ಊರು. ಅಲ್ಲಿ ಒಂಟಿಯಾಗಿರುವ ಒಬ್ಬ ಹೆಂಗಸು ಮಕ್ಕಳಿಗೆ ಪಿಯಾನೊ ಕಲಿಸುತ್ತಾಳೆ. ಪ್ರತಿ ವಾರ ಪರವೂರಿನಿಂದ ಒಬ್ಬ ಗಂಡಸು ಕೈಚೀಲ ಹಿಡಿದು ರೈಲಿನಿಂದ ಇಳಿದು ಅವಳ ಮನೆಗೆ ಬಂದು ಹೋಗುತ್ತಾನೆ. ಕಿಟಕಿಯ ಪರದೆಗಳು ಅಲ್ಲಾಡುತ್ತವೆ. ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಮಾತು ಹಬ್ಬುತ್ತದೆ. ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಳ್ಳುತ್ತಾರೆ. ಕೊನೆಗೆ ಚರ್ಚಿನಲ್ಲಿ ಎಲ್ಲರೆದುರು ನಿಜ ಬಯಲಾಗುತ್ತದೆ: ಅವಳ ಕಿವಿ ಕೇಳದಾಗುತ್ತ ಬಂದಿದೆ, ಬಂದುಹೋಗುವವನು ಕಿವಿಯ ವೈದ್ಯ. ಗೊತ್ತಾದರೆ ಪಾಠಕ್ಕೆ ಯಾರೂ ಮಕ್ಕಳನ್ನು ಕಳಿಸುವುದಿಲ್ಲವೆಂದು ಅವಳು ಮುಚ್ಚಿಟ್ಟಿರುತ್ತಾಳೆ. ಊರೆಲ್ಲ ತನ್ನ ಬಗ್ಗೆ ಆಡುತ್ತಿದ್ದುದು ಪಾಪ ಅವಳಿಗೆ ಕೇಳಿಸಿಯೇ ಇರುವುದಿಲ್ಲ. ಕಡೆಯ ದೃಶ್ಯದಲ್ಲಿ ಅವಳು ಊರು ಬಿಟ್ಟು ರೈಲು ಹತ್ತುತ್ತಾಳೆ. ಜನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾರೆ. ಅವಳು ತಿರುಗಿ ನೋಡುವುದಿಲ್ಲ.

ಮೊದಲ ಸಲ ತೋರಿಸಿದಾಗ ಟಿವಿಯ ಧ್ವನಿ ಕೈಕೊಟ್ಟಿತು. ಎಷ್ಟು ಬಡಿದರೂ ಮೂಕ. ತುಂಬಿದ ಕೋಣೆ, ಎಬ್ಬಿಸಿ ಕಳಿಸಲು ಮನಸ್ಸಾಗಲಿಲ್ಲ. "ಇವರು ಏನು ಮಾತಾಡುತ್ತಿರಬಹುದು, ನೀವೇ ಹೇಳಿ. ಮೊದಲು ಕನ್ನಡದಲ್ಲಿ, ಆಮೇಲೆ ಎಲ್ಲರೂ ಕೂಡಿ ಇಂಗ್ಲಿಷಿನಲ್ಲಿ" ಎಂದೆ. ಕೋಣೆ ಎದ್ದು ಕುಣಿಯಿತು. ಬೇಲಿಯ ಆಚೀಚೆ ನಿಂತ ಇಬ್ಬರು ಹೆಂಗಸರು ತೆರೆಯ ಮೇಲೆ ಬಂದಾಗ, ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು, "ನಿನಗಷ್ಟ ಹೇಳಾಕತ್ತೇನಿ, ಯಾರ ಮುಂದೂ ಅನಬ್ಯಾಡವ್ವಾ" ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು. ಆ ವಾಕ್ಯವನ್ನು ಇಂಗ್ಲಿಷಿಗೆ ತರಲು ಆ ದಿನ ಅವರು ಪಟ್ಟ ಶ್ರಮವನ್ನು ನಾನು ಯಾವ ವ್ಯಾಕರಣ ಪಾಠದಲ್ಲೂ ಕಂಡಿರಲಿಲ್ಲ.

ಗದ್ದಲ ಕೇಳಿ ಹಿರೇಮಠ ಸರ್ ಬಂದರು. "ಏನ್ರಿ ನದಾಫ್, ಸಿನೆಮಾ ತೋರಸಾಕ ಸರಕಾರ ನಿಮ್ಮನ್ನ ಇಟ್ಟೇದೇನು? ಅದೂ ಮೂಕ ಸಿನೆಮಾ!" ಎಂದು ಬಾಗಿಲಲ್ಲೇ ನಿಂತು ಗದರಿದರು. ಗದರಿದವರು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕೊನೆಯವರೆಗೂ ನೋಡಿದರು. ಮರುದಿನ ನನ್ನನ್ನು ಕೋಣೆಗೆ ಕರೆಸಿದಾಗ ಮೆಮೊ ಕೊಡುತ್ತಾರೆಂದು ಹೆದರಿ ಹೋದೆ. ಅವರು ಕನ್ನಡಕ ಒರೆಸುತ್ತ, "ಅಲ್ರಿ, ಆ ಬಾಯಾರು ರೈಲು ಹತ್ತಿ ಎಲ್ಲಿಗೆ ಹೋದ್ರು? ಅಕಿಗೆ ತವರುಮನಿ ಇತ್ತೇನು?" ಎಂದರು.

ಅಂದಿನಿಂದ ಪ್ರತಿ ವರ್ಷ ಆ ಸಿನೆಮಾ ತೋರಿಸಿದೆ. ಮೊದಲು ಧ್ವನಿ ಇಲ್ಲದೆ, ಮರುವಾರ ಧ್ವನಿಯೊಂದಿಗೆ. ಕ್ಯಾಸೆಟ್ಟು ಹಾಳಾಗುವ ಮೊದಲೇ ಬಾಗಲಕೋಟೆಯ ಒಂದು ಸ್ಟುಡಿಯೊದಲ್ಲಿ ಸಿಡಿ ಮಾಡಿಸಿದೆ. ಟಿವಿ ಹೋಗಿ ಪ್ರೊಜೆಕ್ಟರ್ ಬಂತು. ಸಿಡಿ ಹೋಗಿ ಪೆನ್‌ಡ್ರೈವ್ ಬಂತು. ಹುಡುಗರ ಬಟ್ಟೆಬರೆ ಬದಲಾಯಿತು. ಬದಲಾಗದೆ ಉಳಿದದ್ದು ಚಿತ್ರ ಮುಗಿದ ಮೇಲೆ ನಾನು ಕೇಳುವ ಪ್ರಶ್ನೆ: ಆ ಹೆಂಗಸು ಯಾಕೆ ತಿರುಗಿ ನೋಡಲಿಲ್ಲ? ಕೂಗಿದ್ದು ಕೇಳಿಸಲಿಲ್ಲವೋ, ಕೇಳಿಸಿಯೂ ನೋಡಲಿಲ್ಲವೋ? ಕಿವಿ ಪೂರ್ತಿ ಹೋಗಿತ್ತು ಎನ್ನುವವರು ಕೆಲವರು. ಪ್ಲಾಟ್‌ಫಾರ್ಮಿನ ನಡುಕ ಕಾಲಿಗೆ ಗೊತ್ತಾಗುತ್ತದೆ, ಇಷ್ಟು ಜನ ಓಡಿಬಂದದ್ದು ಅವಳಿಗೆ ತಿಳಿದೇ ತಿಳಿದಿರುತ್ತದೆ ಎಂದು ವಾದಿಸಿದವಳು ಕುಣಿಮಗ್ಗದ ಮನೆಯ ಒಬ್ಬ ಹುಡುಗಿ. ಮಗ್ಗದ ಸಪ್ಪಳವನ್ನು ಪಾದದಲ್ಲಿ ಕೇಳಿ ಬೆಳೆದವಳು. ನನ್ನ ಕೊನೆಯ ವರ್ಷದ ತರಗತಿಯಲ್ಲಿ ಒಬ್ಬ ಮೊಬೈಲಿನಿಂದ ತಲೆ ಎತ್ತಿ, "ಬ್ಲಾಕ್ ಮಾಡ್ಯಾಳ್ರಿ ಸರ್ರ, ಇಡೀ ಊರನ್ನ" ಎಂದ.

ಈ ನಡುವೆ ಬಂದವಳು ನೀಲವ್ವ. ಗುಡೂರಿನ ಹುಡುಗಿ. ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ತಂದೆ ಮಾಳಪ್ಪ ಕುರಿಗಳ ಜೊತೆ ಒಂದಿಷ್ಟು ಹೊಲವನ್ನೂ ನೋಡಿಕೊಳ್ಳುತ್ತಿದ್ದ. ಆ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು. ನೋಡಿದ್ದಕ್ಕೆಲ್ಲ ಯಾಕೆ ಎಂದು ಕೇಳುವ ಸ್ವಭಾವ. ಧ್ವನಿ ಇಲ್ಲದ ಪ್ರದರ್ಶನದ ದಿನ, ಚಿತ್ರ ಇನ್ನೂ ಅರ್ಧ ಆಗಿರಲಿಲ್ಲ, ಎದ್ದು ನಿಂತು, "ಸರ್ರ, ಅಕಿಗೆ ಕಿವಿ ಕೇಳ್ಸೂದಿಲ್ರಿ" ಎಂದಳು.

ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಮೊದಲೇ ಗುರುತಿಸಿರಲಿಲ್ಲ. "ಹೇಗೆ ಗೊತ್ತಾಯಿತು?" ಎಂದೆ.

"ಮಾತಾಡೋರ ಕಣ್ಣ ನೋಡೂದಿಲ್ರಿ ಅಕಿ. ಬಾಯಿ ನೋಡ್ತಾಳ. ನಮ್ಮ ಆಯಿ ಹಂಗ ಮಾಡ್ತಾಳ."

ಆಯಿ ಎಂದರೆ ಅವಳ ತಂದೆಯ ತಾಯಿ ಹೊನ್ನವ್ವ. ಆ ಮುದುಕಿಗೆ ಕಿವಿ ಮಂದವಾಗಿತ್ತು.

ಅದೇ ವರ್ಷ ನಾವು ವಿದ್ಯಾರ್ಥಿಗಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆವು. ಗುಹಾದೇವಾಲಯಗಳನ್ನು ತೋರಿಸಲು ಪರಶುರಾಮ ಎಂಬ ವಯಸ್ಸಾದ ಗೈಡ್ ಬಂದಿದ್ದ. ನೀಲವ್ವ ಅವನನ್ನು ಒಂದು ಹೆಜ್ಜೆಯೂ ಸುಮ್ಮನೆ ಇಡಗೊಡಲಿಲ್ಲ. ಈ ಕಲ್ಲು ಕೆಂಪು ಯಾಕೆ, ಈ ದೇವರ ಕಿವಿಯಲ್ಲಿ ಒಂದೊಂದು ಕಡೆ ಒಂದೊಂದು ಥರದ ಓಲೆ ಯಾಕೆ. ನಾನೇ ಗದರಿ ಸುಮ್ಮನಾಗಿಸಿದೆ. ಅದಾದ ಮೇಲೆ ನಾನು ಬಾದಾಮಿಯನ್ನು ಮರೆತೆ. ಅವಳು ಮರೆತಿರಲಿಲ್ಲ ಎಂಬುದು ನನಗೆ ತಿಳಿದದ್ದು ಮುಂದಿನ ವರ್ಷ, ಅದೂ ಬಹಳ ಅಡ್ಡದಾರಿಯಲ್ಲಿ.

ಒಂದು ವಾರ ನೀಲವ್ವ ಬರಲಿಲ್ಲ. ಮರುವಾರವೂ ಇಲ್ಲ. ನಮ್ಮ ಸಿಬ್ಬಂದಿ ಕೋಣೆಯಲ್ಲಿ ಒಬ್ಬ ಸಹೋದ್ಯೋಗಿ ಇದ್ದರು, ಹೆಸರು ಬೇಡ. ಸುದ್ದಿ ಹೇಳುವ ಮೊದಲು ಎದ್ದು ಬಾಗಿಲು ಮುಂದೆ ಮಾಡುವ ಅಭ್ಯಾಸ ಅವರದು. ಅಂದು ಬಾಗಿಲು ಮುಂದೆ ಮಾಡಿ ಹೇಳಿದರು: "ನಿಮ್ಮ ಶ್ಯಾಣ್ಯಾ ಶಿಷ್ಯೆ ಸುದ್ದಿ ಕೇಳಿದ್ರೇನು? ಶನಿವಾರ ಶನಿವಾರ ಬಾದಾಮಿಗೆ ಹೋಗತಿದ್ಲಂತ. ಬಿಳಿ ಮನಷ್ಯಾ ಒಬ್ಬಾಂವ ಗಂಟು ಬಿದ್ದಾನಂತ. ಪಾಸ್‌ಪೋರ್ಟ್ ಮಾಡಿಸಿ ಓಡಿ ಹೋಗಾಕಿ ಇದ್ಲಂತ. ಮನ್ಯಾಗ ಕೂಡಿಸ್ಯಾರ. ಬೇವೂರಾಗ ವರ ನೋಡಿದ್ರು, ಅವರು ಬ್ಯಾಡ ಅಂದ್ರು. ಈಗ ದೂರದ ಸಂಬಂಧದಾಗ ಯಾಂವಗೋ ಗಡಿಬಿಡಿಲೆ ಕಟ್ಟಾಕ ನಡಸ್ಯಾರ."

"ನೋಡಿದವರು ಯಾರು?" ಎಂದೆ.

"ಯಾರ ನೋಡಿದ್ರ ಏನ್ರಿ, ಇಡೀ ಗುಡೂರು ಅನ್ನಾಕತ್ತೇತಿ."

ಹಿರೇಮಠ ಸರ್ ನಿವೃತ್ತರಾಗಿ ಹೊಸ ಪ್ರಾಚಾರ್ಯರು ಬಂದಿದ್ದರು. ಕಾಲೇಜಿನ ಹೆಸರು ಕೆಡುತ್ತದೆ, ನೀವು ಇದರಲ್ಲಿ ತಲೆ ಹಾಕಬೇಡಿ ಎಂದು ಅವರು ನನಗೆ ಮೆತ್ತಗೆ ಹೇಳಿದರು. ತಲೆ ಹಾಕಲು ನನಗಾದರೂ ದಾರಿ ಎಲ್ಲಿತ್ತು? ಗಂಡಸು ಮೇಷ್ಟ್ರೊಬ್ಬ ಆ ಹುಡುಗಿಯ ಮನೆ ಬಾಗಿಲಿಗೆ ಹೋದರೆ ಊರಿಗೆ ಇನ್ನೊಂದು ಮಾತು ಸಿಕ್ಕಂತಾಗುತ್ತಿತ್ತು.

ದಾರಿ ತಾನಾಗಿಯೇ ನಡೆದು ಬಂತು. ಒಂದು ಬೆಳಿಗ್ಗೆ ನಾನು ಪ್ರೊಜೆಕ್ಟರ್ ಜೋಡಿಸುತ್ತಿದ್ದೆ. ಇಳಕಲ್ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು.

"ನದಾಫ್ ಸರ್ ಅಂದ್ರ ನೀವೇನ್ರಿ? ನಾ ನೀಲವ್ವನ ಅವ್ವರಿ, ಮಾಯವ್ವ."

ಕೂರಲು ಹೇಳಿದೆ. ಕೂರಲಿಲ್ಲ.

"ಒಂದ ಮಾತ ಕೇಳಾಕ ಬಂದೇನ್ರಿ. ಶನಿವಾರ ಸಂಜಿತನಕ ಕ್ಲಾಸ್ ಇರ್ತಾವೇನ್ರಿ ನಿಮ್ಮಲ್ಲಿ?"

ಶನಿವಾರ ಮಧ್ಯಾಹ್ನಕ್ಕೇ ಕಾಲೇಜು ಬಿಡುತ್ತದೆ. ಹೌದು ಎಂದರೆ ಸುಳ್ಳು, ಇಲ್ಲ ಎಂದರೆ ಹುಡುಗಿಯ ಗತಿ ಏನೋ. ಆದರೆ ಆ ತಾಯಿ ಬಸ್ಸು ಹತ್ತಿ ಇಷ್ಟು ದೂರ ಬಂದದ್ದು ನಿಜ ಕೇಳಲಿಕ್ಕೆ. "ಇಲ್ಲವ್ವ, ಇರೋದಿಲ್ಲ" ಎಂದೆ.

ಅವಳು ತಲೆಯಾಡಿಸಿದಳು. "ಅಂದ್ರ ಬಾದಾಮಿಗೆ ಹೋಗಿದ್ದು ಖರೆ" ಎಂದು ತನಗೇ ಹೇಳಿಕೊಂಡಳು.

"ಅವಳನ್ನೇ ಕೇಳಲಿಲ್ಲವೇ?"

"ಕೇಳಿದ್ವಿರಿ. ಅವರಪ್ಪ ಕೈ ಎತ್ತಿದ. ಅಕಿ ಅಂದ್ಲು, ಮಂದಿ ಮಾತ ಕೇಳಿಕೊಂಡು ನನ್ನ ಕೇಳಾಕ ಬಂದೀರಿ, ಮೊದಲ ನನ್ನ ಕೇಳಿದ್ರ ಎಲ್ಲಾ ಹೇಳ್ತಿದ್ದೆ. ಅಷ್ಟ ಅಂದಾಕಿ ಬಾಯಿ ಹೊಲಕೊಂಡು ಕುಂತಾಳ್ರಿ. ಹೊಡದ್ರೂ ಇಲ್ಲ, ಅತ್ತು ಕೇಳಿದ್ರೂ ಇಲ್ಲ."

ಹುಡುಗರು ಬರತೊಡಗಿದ್ದರು. ಮಾಯವ್ವನ ಬಸ್ಸಿಗೆ ಇನ್ನೂ ಹೊತ್ತಿತ್ತು. ಹಿಂದಿನ ಬೆಂಚಿನ ತುದಿಯಲ್ಲಿ ಕುಳಿತುಕೊಂಡಳು. ಅಂದು ಧ್ವನಿ ಸಹಿತ ಪ್ರದರ್ಶನ, ಅಂದರೆ ಅವಳಿಗೆ ಒಂದು ಶಬ್ದವೂ ತಿಳಿಯದ ಇಂಗ್ಲಿಷ್. ಬಸ್ಸಿನ ಹೊತ್ತಿಗೆ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಬಸ್ಸಿನ ಹೊತ್ತು ದಾಟಿದರೂ ಅವಳು ಅಲುಗಲಿಲ್ಲ. ಬೇಲಿಯ ಹತ್ತಿರ ಹೆಂಗಸರು ತಲೆ ಕೂಡಿಸಿದಾಗ ಒಮ್ಮೆ "ಹಾಟ್ಯಾಗ್ಯಾರು" ಎಂದು ಬೈದದ್ದು ನನಗೆ ಕೇಳಿಸಿತು. ರೈಲು ಹೊರಟಾಗ ಸೆರಗಿನಿಂದ ಮುಖ ಒರೆಸಿಕೊಂಡಳು.

ಹುಡುಗರು ಹೋದ ಮೇಲೆ ಹತ್ತಿರ ಬಂದು ಕೇಳಿದಳು: "ಸರ್ರ, ಆ ಊರಾಗ ಈ ಮಾತ ಮೊದಲ ಅಂದಾಕಿ ಯಾರು?"

ನಾನು ಆ ಸಿನೆಮಾವನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಕೊನೆಯ ರೈಲನ್ನೇ ನೋಡುತ್ತ ಕುಳಿತಿದ್ದೆ. ಈಕೆ ಮೊದಲ ಮಾತನ್ನು ಹುಡುಕುತ್ತಿದ್ದಳು. ನನಗೂ ಕುತೂಹಲ ತಡೆಯಲಿಲ್ಲ. ಹಿಂದಕ್ಕೆ ಓಡಿಸಿ ಇಬ್ಬರೂ ಮತ್ತೆ ನೋಡಿದೆವು. ನಮ್ಮ ಪ್ರತಿ ಶುರುವಾಗುವುದೇ ಇಬ್ಬರು ಹೆಂಗಸರು ಆಗಲೇ ಮಾತಾಡುತ್ತಿರುವಲ್ಲಿಂದ. ಅದರ ಹಿಂದಿನದನ್ನು ಯಂತ್ರ ಎಂದೋ ಜಗಿದು ಹಾಕಿತ್ತು.

"ಆ ಭಾಗ ಹರಿದುಹೋಗಿದೆಯವ್ವ. ಮೊದಲು ಯಾರು ಅಂದರೋ ಗೊತ್ತಾಗುವುದಿಲ್ಲ" ಎಂದೆ.

ಮಾಯವ್ವ ಬೆಳ್ಳಗಾದ ಪರದೆಯ ಕಡೆ ಕೈಮಾಡಿದಳು. "ನಿಮ್ಮ ಸಿನೆಮಾದಾಗ ಹರದ್ಹೋಗೇತ್ರಿ. ನಮ್ಮ ಊರಾಗ ಹರದಿಲ್ಲಲ್ಲ" ಎಂದಳು. ಚೀಲ ತೆಗೆದುಕೊಂಡು ಹೊರಟುಹೋದಳು.

ಮುಂದಿನದು ಅವಳೇ ಬಂದು ಹೇಳಿದ್ದು. ಆಕೆ ಹೇಳಿದಂತೆಯೇ ಬರೆಯುತ್ತೇನೆ, ಆ ರುಚಿ ನನ್ನ ಮಾತಿಗೆ ಬರುವುದಿಲ್ಲ.

"ಕಳದ ಕುರಿ ಹುಡುಕಬೇಕಾದ್ರ ಹೆಜ್ಜಿ ಹಿಡದು ಹಿಂದಕ್ಕ ಹೋಗ್ತೀವಲ್ರಿ, ಹಂಗ ಹೋದೆ. ಮೊದಲ ಕಿರಾಣಿ ಅಂಗಡಿಯಾಕಿ ಕಡೆ ಹೋದೆ. ನನ್ನ ಕಂಡಕೂಡ್ಲೆ ಮಾರಿ ತಿರಿವಿದ್ಲು. ನಾ ಅಂದೆ, ಜಗಳಾಡಾಕ ಬಂದಿಲ್ಲವ್ವಾ. ನೀ ಅಂದದ್ದಕ್ಕ ನಂಗೇನೂ ಸಿಟ್ಟಿಲ್ಲ. ನಿನಗ ಯಾರ ಹೇಳಿದ್ರು, ಅಷ್ಟ ಹೇಳು. ಅಕಿ ಅಂದ್ಲು, ಹಿಟ್ಟಿನ ಗಿರಣಿಯಾಕಿ. ನಿಮ್ಮ ಹುಡುಗಿ ಪಾಸ್‌ಪೋರ್ಟ್ ಫೋಟೋ ತೆಗಿಸ್ಯಾಳ ಅಂದ್ಲು ಅಂತ.

"ಗಿರಣಿಗೆ ಹೋದೆ. ಗಿರಣಿಯಾಕಿ ದೇವರಾಣಿ ಮಾಡಿದ್ಲು. ನಾ ಪಾಸ್‌ಪೋರ್ಟ್ ಅಂತ ಅಂದೇ ಇಲ್ಲ, ಬಿಳಿ ಮನಷ್ಯಾನ ಜೋಡಿ ಫೋಟೋ ತೆಗಿಸಿಕೊಂಡಿರಬೇಕು ಅಂದೆ ಅಂತ. 'ಇರಬೇಕು' ಅಂದೆ, 'ಐತಿ' ಅನ್ಲಿಲ್ಲ ಅಂತ. ನಿನಗ್ಯಾರ ಹೇಳಿದ್ರು ಅಂದೆ. ನಿಮ್ಮ ಬಾಜು ಮನಿ ಶಾಂತವ್ವ, ಜ್ವಾಳಾ ಬೀಸಾಕ ಬಂದಾಗ ಅಂದ್ಲು, ನೀಲವ್ವ ಬಾದಾಮ್ಯಾಗ ಬಿಳಿ ಮನಷ್ಯಾನ ಜೋಡಿ ಅದಾಳ ಅಂತ.

"ಶಾಂತವ್ವ ಅಂದ್ರ ನಮ್ಮ ಗ್ವಾಡಿಗೆ ಗ್ವಾಡಿ ಹಚ್ಚಿದಾಕಿರಿ. ಅಕಿ ಕೇಳಿ ಹಣಿ ಬಡಕೊಂಡ್ಲು. ನಾ ಜೋಡಿ ಅನ್ಲಿಲ್ಲವ್ವಾ! ಬಿಳಿ ಮಂದಿಗೆ ಗುಡಿ ತೋರಸ್ತಾಳಂತ, ಗುಡಿ, ಅಂದೆ. ಗಿರಣಿ ಸಪ್ಪಳದಾಗ ಆ ರಂಡಿ ಏನ ಕೇಳಿಸಿಕೊಂಡ್ಲೋ! ಅಂದ್ಲು. ಹೌದವಾ, ನಿನಗ್ಯಾರ ಹೇಳಿದ್ರು ಅಂದೆ. ಅಕಿ ನನ್ನ ಮಾರಿನ ನೋಡಿದ್ಲು ಸರ್ರ. ನಿಮ್ಮತ್ತಿನ ಹೇಳ್ಯಾಳಲ್ಲ, ನಿಮ್ಮ ಕಟ್ಟಿ ಮ್ಯಾಲ ಕುಂತು, ಅಂದ್ಲು."

ಇಲ್ಲಿ ಮಾಯವ್ವ ನೀರು ಕೇಳಿದಳು. ನಾನು ಕೊಟ್ಟ ನೀರನ್ನು ಕುಡಿದಳು.

ಅತ್ತೆ ಹೊನ್ನವ್ವ ಕಟ್ಟೆಯ ಮೇಲೆ ಕುಳಿತು ಉಣ್ಣೆ ನೂಲುತ್ತಿದ್ದಳಂತೆ. ಊರೆಲ್ಲ ಮೊಮ್ಮಗಳ ಬಗ್ಗೆ ಏನು ಆಡುತ್ತಿದೆ ಎಂಬುದು ಆ ಮುದುಕಿಗೆ ಗೊತ್ತೇ ಇರಲಿಲ್ಲ. ಪಿಸುಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ, ಕೂಗಿ ಹೇಳುವಂಥ ಸುದ್ದಿ ಅದಾಗಿರಲಿಲ್ಲ. ಹುಡುಗಿಗೆ ಮೈಯಲ್ಲಿ ಹುಷಾರಿಲ್ಲ, ಅದಕ್ಕೆ ಕಾಲೇಜಿಗೆ ಹೋಗುತ್ತಿಲ್ಲ ಎಂದು ಮನೆಯವರೇ ಹೇಳಿದ್ದರು. ಮಾಯವ್ವ ಅವಳ ಕಿವಿಯ ಹತ್ತಿರ ಬಾಗಿ ಕೇಳಿದಳು: "ಅತ್ತಿ, ನೀಲವ್ವ ಬಾದಾಮಿಗೆ ಹೋಗೂದು ಶಾಂತವ್ವಗ ನೀ ಹೇಳಿದೇನು?"

"ಹೂಂ, ನಾನ ಹೇಳೇನಿ" ಎಂದಳಂತೆ ಮುದುಕಿ, ಓಣಿಗೆಲ್ಲ ಕೇಳುವ ಹಾಗೆ. "ಯಾಕ ಹೇಳಬಾರ್ದು? ನಮ್ಮ ನೀಲಿ ಬಿಳಿ ಮಂದಿಗೆ ದೇವರ್ನ ತೋರಸ್ತಾಳ! ಅವರ ಮಾತಿನಾಗ ಮಾತಾಡಿ ತೋರಸ್ತಾಳ! ನಮ್ಮ ವಂಶದಾಗ ಯಾರರ ಮಾಡ್ಯಾರೇನು? ಅಪ್ಪಗ ಹೇಳಬ್ಯಾಡ ಆಯಿ, ಕಲತ ಮ್ಯಾಲ ನಾನ ಹೇಳ್ತೇನಿ ಅಂದಿದ್ಲು. ಅಪ್ಪಗ ನಾ ಹೇಳಿಲ್ಲ. ಶಾಂತವ್ವಗ ಹೇಳಿದೆ. ಖುಷಿ ತಡಿಲಿಲ್ಲ, ಹೇಳಿದೆ."

ಆ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರಂತೆ. ಒಳಗೆ ಕುಳಿತಿದ್ದ ನೀಲವ್ವನೂ ಹೊರಗೆ ಬಂದಳು. ತಾನು ಗುಟ್ಟು ಹೇಳಿದ ಒಬ್ಬಳೇ ಒಬ್ಬಳ ಬಾಯಿಂದಲೇ ಇಷ್ಟೆಲ್ಲ ಆಯಿತೆಂದು ಅವಳಿಗೆ ಆಗಲೇ ತಿಳಿದದ್ದು. "ಆಯಿಗೆ ಬೈತಾಳ ಅಂದ್ಕೊಂಡೆ" ಎಂದಳು ಮಾಯವ್ವ, "ಬೈಲಿಲ್ರಿ. ಆಯಿ ತೊಡಿ ಮ್ಯಾಲ ತಲಿ ಇಟ್ಟು ಅಳಾಕತ್ಲು. ಆ ಮುದುಕಿಗೆ ಏನೂ ತಿಳಿವಲ್ದು. ಯಾಕವಾ, ಮೈ ಬಿಸಿ ಆಗೇತೇನು ಅಂತ ಹಣಿ ಮುಟ್ಟಿ ಮುಟ್ಟಿ ನೋಡ್ತಾಳ."

ಆ ಮೇಲೆ ನೀಲವ್ವ ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಕಾಲೇಜಿನ ಪ್ರವಾಸದ ದಿನ ಅವಳ ಪ್ರಶ್ನೆಗಳಿಗೆ ಸಾಕಾಗಿ ಪರಶುರಾಮ, "ಇಷ್ಟೆಲ್ಲಾ ಬೇಕಾದ್ರ ಶನಿವಾರ ಬಾರವಾ, ಪುರಸತ್ತಾಗಿ ಹೇಳ್ತೇನಿ" ಎಂದಿದ್ದನಂತೆ. ಅವನು ತಮಾಷೆಗೆ ಅಂದದ್ದನ್ನು ಇವಳು ಖರೆ ಮಾಡಿದಳು. ಕಾಲೇಜು ಬಿಟ್ಟ ಕೂಡಲೇ ಗುಡೂರ ಮೇಲೆ ಹೋಗುವ ಬಾದಾಮಿ ಬಸ್ಸು ಹತ್ತಿ, ತನ್ನ ಊರು ಬಂದಾಗ ಸೀಟಿನಲ್ಲಿ ಕುಗ್ಗಿ ಕುಳಿತು, ಮುಂದಕ್ಕೆ ಹೋಗುತ್ತಿದ್ದಳು. ಅವನು ಪ್ರವಾಸಿಗರ ಸಣ್ಣ ಸಣ್ಣ ಗುಂಪುಗಳನ್ನು ಅವಳಿಗೆ ಒಪ್ಪಿಸಿ, ತಪ್ಪಿದಲ್ಲಿ ತಿದ್ದುತ್ತಿದ್ದ.

ತಂದೆ ಮಾಳಪ್ಪ ಒಪ್ಪಿಕೊಂಡಿದ್ದ ಸಂಬಂಧಕ್ಕೆ ಬೇಡ ಎಂದು ಹೇಳಿ ಕಳಿಸಿದ. ಮರುವಾರ ಮಗಳನ್ನು ತಾನೇ ಕಾಲೇಜಿನ ಗೇಟಿನವರೆಗೆ ಕರೆತಂದು, ನಾನು ಒಳಗೆ ಕರೆದರೂ ಬರದೆ, ಹೆಗಲ ಮೇಲಿನ ಕಂಬಳಿ ಸರಿಪಡಿಸಿಕೊಳ್ಳುತ್ತ ಗೇಟಿನ ಆಚೆಯಿಂದಲೇ ಕೈಮುಗಿದು ಹೋದ. ಗುಡೂರಿನಲ್ಲಿ ಯಾರೂ ತಪ್ಪಾಯಿತು ಎನ್ನಲಿಲ್ಲ. "ಹುಡುಗಿ ಶ್ಯಾಣ್ಯಾ ಅಂತ ನಾವು ಮೊದಲಿಂದ ಅನ್ಕೋತ ಬಂದೀವಿ" ಎಂಬ ಹೊಸ ಮಾತು ಶುರುವಾಯಿತಂತೆ. ನಮ್ಮ ಸಹೋದ್ಯೋಗಿ ಅದನ್ನೂ ಬಾಗಿಲು ಮುಂದೆ ಮಾಡಿಯೇ ಹೇಳಿದರು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಯಾವುದೋ ದೇಶದ ಕತೆ ನಮ್ಮ ಹುಡುಗರಿಗೆ ಹೇಗೆ ತಿಳಿದೀತು ಎಂದು ಅನುಮಾನ ಪಡಬೇಡಿ. ನೀವು ಕೇಳಬೇಕೆಂದುಕೊಂಡ ಪ್ರಶ್ನೆಯನ್ನೇ ಅವರೂ ಕೇಳುತ್ತಾರೆಂದು ಕಾಯುತ್ತಲೂ ಇರಬೇಡಿ. ಅವರ ಪ್ರಶ್ನೆ ಬೇರೆ ಬಾಗಿಲಿನಿಂದ ಬರುತ್ತದೆ, ಬಾಗಿಲು ತೆಗೆದಿಟ್ಟಿರಿ.

ನೀಲವ್ವ ಪದವಿ ಮುಗಿಸಿದಳು. ಈಗ ಬಾದಾಮಿಯಲ್ಲಿ ಅವಳನ್ನು ಹೆಸರು ಹಿಡಿದು ಕೇಳಿಕೊಂಡು ಬರುವ ಪ್ರವಾಸಿಗರಿದ್ದಾರೆ. ಆದರೆ ನಾನು ಹೇಳಬೇಕೆಂದಿರುವುದು ಅವಳು ಕಾಲೇಜಿಗೆ ಮರಳಿದ ಮೇಲಿನ ಮೊದಲ ಶನಿವಾರದ ಸಂಗತಿ. ಅಂದು ಮಾಯವ್ವ ಅತ್ತೆಯನ್ನೂ ಕರೆದುಕೊಂಡು ಮಗಳ ಕೆಲಸ ನೋಡಲು ಬಾದಾಮಿಗೆ ಬಂದಿದ್ದಳು. ನನಗೂ ಬರಲು ಹೇಳಿ ಕಳಿಸಿದ್ದಳು. ಮಂಗಗಳ ಕಾಟ ತಪ್ಪಿಸಿಕೊಳ್ಳುತ್ತ, ಮುದುಕಿಯನ್ನು ಇಬ್ಬರೂ ಹಿಡಿದುಕೊಂಡು ಮೊದಲನೆಯ ಗುಹೆಯ ಮೆಟ್ಟಿಲು ಹತ್ತಿಸಿದೆವು.

ಹದಿನೆಂಟು ಕೈಯ ನಟರಾಜನ ಮುಂದೆ ನೀಲವ್ವ ನಿಂತಿದ್ದಳು. ಎದುರಿಗೆ ವಯಸ್ಸಾದ ವಿದೇಶಿ ದಂಪತಿ. ಪರಶುರಾಮ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ಅವಳು ಒಂದೊಂದು ಕೈಯನ್ನೂ ತೋರಿಸುತ್ತ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸಿತು, ಕತೆ ಮಾತ್ರ ನಿಲ್ಲಲಿಲ್ಲ. ದಂಪತಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಹೊನ್ನವ್ವ ಮೊಮ್ಮಗಳ ತುಟಿಗಳನ್ನೇ ನೋಡಿದಳು, ಏನೂ ಹತ್ತಲಿಲ್ಲ. ಗುಹೆ ಗಣಗಣ ಎನ್ನುವಂತೆ ಕೇಳಿದಳು: "ಏನ ಹೇಳಾಕತ್ತಾಳ?"

"ನನಗೂ ತಿಳಿವಲ್ದು" ಎಂದಳು ಮಾಯವ್ವ. "ಸುಮ್ಮಕಿರು ಅತ್ತಿ, ಅವರು ಕೇಳಾಕತ್ತಾರ."

ನೀಲವ್ವ ತಿರುಗಿ ನೋಡಿದಳು. ದಂಪತಿಗೆ ಒಂದು ನಿಮಿಷ ಎಂದು ಕೈಮಾಡಿ, ಆಯಿಯ ಹತ್ತಿರ ಬಂದು, ಕಿವಿಗೆ ಬಾಯಿ ಹಚ್ಚಿ ಗುಡೂರಿನ ಮಾತಿನಲ್ಲಿ ಮೊದಲಿನಿಂದ ಶುರು ಮಾಡಿದಳು: "ನೋಡಾಯಿ, ಈ ಶಿವಪ್ಪ ಕುಣ್ಯಾಕತ್ತಾನ. ಒಂದ ಕೈ ಸಾಲೂದಿಲ್ಲ ಅಂವಗ..." ಅವಳು ಕೂಗಿ ಹೇಳುತ್ತಿದ್ದುದು ಕೆಳಗಿನ ಕೆರೆಯ ದಂಡೆಯವರೆಗೂ ಕೇಳುತ್ತಿತ್ತೋ ಏನೋ. ಮೆಟ್ಟಿಲ ಮೇಲಿದ್ದ ನಮ್ಮ ಕಡೆಯ ಜನ ಒಬ್ಬೊಬ್ಬರಾಗಿ ಹತ್ತಿರ ಬಂದು ಸುತ್ತ ನಿಂತರು. ಯಾರೂ ಪಿಸುಗುಡಲಿಲ್ಲ.

ಮುಗಿದ ಮೇಲೆ ಆ ವಿದೇಶಿ ಹೆಂಗಸು ಕೇಳಿದಳು, ಅಜ್ಜಿಗೆ ಏನು ಹೇಳಿದಿರಿ, ನಮಗೆ ಹೇಳದ್ದು ಏನಾದರೂ ಇತ್ತೇ ಎಂದು.

"ಇಲ್ಲ ಮೇಡಂ, ನಿಮಗೆ ಹೇಳಿದ್ದನ್ನೇ ಹೇಳಿದೆ" ಎಂದಳು ನೀಲವ್ವ ತನ್ನ ಇಂಗ್ಲಿಷಿನಲ್ಲಿ. "ಆದರೆ ಸ್ವಲ್ಪ ಜೋರಾಗಿ."